ಕೋಟಿ ನೋಡ್ರಿ, ಓಣಿನೂ ನೋಡ್ರಿ



ನಮ್ಮ ಗಜೇಂದ್ರಗಡದ ಬಗ್ಗೆ ಯಾರರ ರೀಲ್ ಮಾಡಿದ್ರ ಬರೋವು ನಾಲ್ಕೇ: ಆನಿ ಮಲಗಿದಂಥ ಗುಡ್ಡದ ಮ್ಯಾಲಿನ ಕೋಟೆ, ಕಾಲಕಾಲೇಶ್ವರದ ಅಂತರಗಂಗೆ, ಗಾಳಿಯಂತ್ರ, ಪಟ್ಟೆದಂಚು ಸೀರೆ. ಚೆಂದ ಅದಾವು, ಸುಳ್ಳಲ್ಲ. ಸುತ್ತ ನೆಲ ಕಾದ ಹಂಚಾದಾಗ ಬಂಡೆ ಸಂದ್ಯಾಗಿಂದ ನೀರು ಇಳಿಯೋದು ನೋಡಾಕ ಯಾರಿಗೆ ಬ್ಯಾಡ?

ಇತಿಹಾಸ ಅಂದ್ರ 1787ರ ಗಜೇಂದ್ರಗಡ ಒಪ್ಪಂದ. ಟಿಪ್ಪು, ಪೇಶ್ವೆ, ನಿಜಾಮ, ಇಲ್ಲಿಯ ಘೋರ್ಪಡೆಯವರು. ಬಾದಾಮಿ, ನರಗುಂದ, ಕಿತ್ತೂರು ಯಾರ ಪಾಲು ಅನ್ನೋದು. ಮುಗೀತು. ಎತ್ತಿನ ಮಿಣಿ, ಬಾವಿಯ ನೀರೆತ್ತೋ ತೊಗಲಿನ ಚೀಲ, ಜಾತ್ರಿಯ ಹಲಿಗಿ ಯಾವ ಓಣಿಯಿಂದ ಬರ್ತಿದ್ವು ಅಂತ ಯಾರೂ ಕೇಳಂಗಿಲ್ಲ. ಓಣಿ ಹೆಸರು ಹೇಳಿದ್ರ ಜಾತಿ ಗೊತ್ತಾಗೋ ಪ್ಯಾಟಿ ನಮ್ಮದು, ಇಷ್ಟಾದ್ರೂ ಆ ಓಣಿ ಮಾತ್ರ 'ಪರಂಪರೆ'ಯೊಳಗ ಬರಂಗಿಲ್ಲ.

ಸೀರೆ ವಿಷಯಕ್ಕ ಬರ್ತೀನಿ, ನನಗ ಹೊಟ್ಟಿ ಉರಿಯೋದು ಅಲ್ಲೇ. ಪಟ್ಟೆದಂಚು ಅಂದ್ರ ದಪ್ಪ ಹತ್ತಿ ನೂಲು, ಚೌಕಳಿ ಮೈ, ಎದ್ದು ಕಾಣೋ ಅಂಚು. ಹೊಲದಾಗ ಬಾಗಿ ದುಡಿಯೋ ಹೆಣ್ಮಕ್ಕಳಿಗೆ ತಾಳೋ ಸೀರೆ. ಎರಡೂ ಕಡಿಂದ ಉಡಬಹುದು. ಮದುವಿಗೂ ಅದೇ, ಸವದತ್ತಿ ಎಲ್ಲಮ್ಮಗೂ ಅದೇ. ದೇವದಾಸಿಯರು ಉಡ್ತಿದ್ದದ್ದೂ ಅದೇ. ಈಗ ಶಹರದ ಮಂದಿ ಅದನ್ನ ಹುಡುಕಿ ಕೊಂಡು, 'ದೇವಿಗೆ ಅರ್ಪಿಸುತ್ತಿದ್ದ ಪವಿತ್ರ ಸೀರೆ' ಅಂತ ಹೊಗಳ್ತಾರ. ಮಗ್ಗ ನಡೀಲಿ, ನೇಕಾರರ ಹೊಟ್ಟಿ ತುಂಬಲಿ, ಅದರಾಗ ನನ್ನ ತಕರಾರಿಲ್ಲ. ಆದರೆ ಸೀರೆಯಂಗ ದೇವಿಗೆ ಅರ್ಪಿಸಿದ ಹುಡುಗಿಯರು ಯಾರ ಮಕ್ಕಳು? ಹೆಚ್ಚಾಗಿ ನಮ್ಮ ಓಣಿಯವರೇ. ಅದನ್ನೂ ಹೇಳ್ರಿ.

ಮುತ್ತು ಕಟ್ಟೋದನ್ನ ಸರ್ಕಾರ 1982ರ ಕಾಯ್ದೆಯಲ್ಲಿ ನಿಷೇಧಿಸಿತು. 1993-94 ಮತ್ತು 2007-08ರಲ್ಲಿ ಸರ್ವೆ ಆದವು. ಆಗ ನಾಚಿಕಿಗೋ, ಅಂಜಿಕಿಗೋ, ದುಡಿಯಾಕ ಗುಳೆ ಹೋಗಿದ್ದಕ್ಕೋ ಹೆಸರು ಬರೆಸದೆ ಉಳಿದ ತಾಯಂದಿರು ಪಟ್ಟಿಗೆ ಬರಲಿಲ್ಲ. ಪಟ್ಟಿಯಲ್ಲಿ ಇಲ್ಲ ಅಂದ್ರ ಮಾಸಾಶನ ಇಲ್ಲ. ಅವರು ಉಟ್ಟ ಸೀರೆಗೆ ಬೆಲೆ ಬಂತು, ಅವರಿಗೆ ಒಂದು ಸಹಿ ಸಿಗ್ತಿಲ್ಲ.

ಗಜೇಂದ್ರಗಡ ರೋಣದಿಂದ ಬೇರೆಯಾಗಿ ತಾಲೂಕು ಆಗಿದೆ. ಊರಿನ ಪ್ರವಾಸೋದ್ಯಮ ಅಂತ ಸಭೆ ಕರೆದಾಗ ಕೋಟೆಗೆ ಲೈಟು, ಗುಡ್ಡಕ್ಕ ಮೆಟ್ಟಲು ಅಂತ ಮಾತಾಡೋರು ಆ ಸಭೆಗೆ ನಮ್ಮ ತಾಯಂದಿರನ್ನೂ ಕರೀರಿ. ಕಾರ್ಯಕ್ರಮದಾಗ ಹಾರ ಹಾಕಿ ಕುಂಡ್ರಿಸಾಕ ಅಲ್ಲ. ಸೀರೆ ಕಥಿ ಅವರೇ ಹೇಳಲಿ, ಮಾಸಾಶನದ ಅರ್ಜಿನೂ ಅಲ್ಲೇ ತಗೋರಿ.

ಹೊರಗಿಂದ ಬರೋ ಗೆಳೆಯರೇ, ಕೋಟಿ ಇಳಿದ ಮ್ಯಾಲ ಬಸ್ ಸ್ಟ್ಯಾಂಡಿಗೆ ಓಡಬ್ಯಾಡ್ರಿ. ನಮ್ಮ ಓಣಿಗೂ ಬರ್ರಿ. ನೀರು ಕೊಟ್ರ ಕುಡೀರಿ, ರೊಟ್ಟಿ ಕೊಟ್ರ ಉಣ್ಣರಿ. ಫೋನ್ ಎತ್ತೋ ಮುಂದ ಮಾತ್ರ ಒಂದು ಮಾತು ಕೇಳ್ರಿ.