ಮೇಲ್ದರ್ಜೆಯ ಆಸನಕ್ಕೊಂದು ಅಳತೆಗೋಲು

ಸುಖವು ಅಳತೆಗೆ ಸಿಕ್ಕದ ವಸ್ತುವೆಂಬುದು ವಾಡಿಕೆಯ ಮಾತು. ವಿಮಾನದ ಆಸನದ ಮಟ್ಟಿಗೆ ಇದು ಪೂರ್ಣ ಸತ್ಯವಲ್ಲ. ದೇಶದೊಳಗೆ ಹಾರುವ ವಿಮಾನಗಳಲ್ಲಿ ಹೆಚ್ಚು ಹಣ ತೆತ್ತು ಕೂರುವ ಮೇಲ್ದರ್ಜೆಗಳು ಈಗ ಹಲವು ಹೆಸರುಗಳಲ್ಲಿ ದೊರೆಯುತ್ತವೆ. ಯಾವುದು ಲೇಸೆಂದು ಜಯನಗರ, ಬನಶಂಕರಿಗಳ ಮನೆಗಳಲ್ಲಿ ಚರ್ಚೆಯಾಗುವುದೂ ಉಂಟು. ಆದರೆ ಮಾತು ಊಟ, ಉಪಚಾರಗಳ ಸುತ್ತಲೇ ಸುಳಿಯುತ್ತದೆ. ಅಳತೆಪಟ್ಟಿಯನ್ನು ಕೈಗೆತ್ತಿಕೊಳ್ಳುವುದು ಮೇಲೆಂದು ನಮ್ಮ ಮತ.

ಹಣದಿಂದ ಬದಲಾಗದ ಸಂಗತಿಗಳನ್ನು ಮೊದಲು ನೋಡೋಣ. ವಿಮಾನದ ಒಡಲು ಗಾಳಿ ತುಂಬಿದ ಒಂದೇ ಪೆಟ್ಟಿಗೆ. ಅದು 35,000 ಅಡಿ ಎತ್ತರದಲ್ಲಿ ಹಾರುತ್ತಿದ್ದರೂ, ಒಳಗಿನ ಒತ್ತಡವು 8,000 ಅಡಿ ಎತ್ತರದ ಬೆಟ್ಟದ ಮೇಲಿರುವುದಕ್ಕಿಂತ ಕಡಮೆಯಾಗದಂತೆ ಕಾಯುತ್ತಾರೆ. ನಮ್ಮ ಮುಳ್ಳಯ್ಯನಗಿರಿಯ ಎತ್ತರ ಸುಮಾರು 6,300 ಅಡಿ ಮಾತ್ರ. ಒಳಗಿನ ಗಾಳಿಯ ತೇವಾಂಶವು ಶೇಕಡ 20ಕ್ಕಿಂತ ಕೆಳಗಿಳಿಯುವುದೂ ಸಾಮಾನ್ಯ. ಗಂಟಲು ಒಣಗುವುದು, ಇಳಿಯುವಾಗ ಕಿವಿ ಕಟ್ಟುವುದು, ನಾಲಗೆಗೆ ಉಪ್ಪು ಸಿಹಿಗಳು ಮಂಕಾಗುವುದು, ಇವೆಲ್ಲ ಸರ್ವರಿಗೂ ಸಮಾನ. ಮೇಲ್ದರ್ಜೆಯ ಭೋಜನವೂ ಇದೇ ಮಂಕಾದ ನಾಲಗೆಯ ಮೇಲೆಯೇ ಬೀಳುತ್ತದೆ.

ಹಾಗಾದರೆ ಕೊಟ್ಟ ಹಣಕ್ಕೆ ದೊರೆಯುವುದೇನು? ಮುಖ್ಯವಾಗಿ ಸ್ಥಳ. ಒಂದು ಆಸನದಿಂದ ಅದರ ಹಿಂದಿನ ಆಸನಕ್ಕಿರುವ ಅಂತರವು ಸಾಮಾನ್ಯ ದರ್ಜೆಯಲ್ಲಿ ಸುಮಾರು 29 ಅಂಗುಲ. 2024ರ ನವೆಂಬರಿನಲ್ಲಿ ಇಂಡಿಗೋ ಸಂಸ್ಥೆ ಆರಂಭಿಸಿದ 'ಸ್ಟ್ರೆಚ್' ದರ್ಜೆಯಲ್ಲಿ ಅದು 38 ಅಂಗುಲ; ಸಾಲಿಗೆ ಆರರ ಬದಲು ನಾಲ್ಕೇ ಆಸನ. ಲೆಕ್ಕ ಹಾಕಿದರೆ ಅಂಥ ಒಂದು ಆಸನವು ಸಾಮಾನ್ಯ ಆಸನದ ಸುಮಾರು ಎರಡರಷ್ಟು ನೆಲವನ್ನು ಆಕ್ರಮಿಸುತ್ತದೆ. ಆದ್ದರಿಂದ ಇಮ್ಮಡಿ ದರಕ್ಕೆ ಭೌತಿಕವಾದ ಆಧಾರವುಂಟು. ಅದನ್ನು ಮೀರಿದ ಹಣವು ಉಪಚಾರಕ್ಕೂ ಪ್ರತಿಷ್ಠೆಗೂ ಸಲ್ಲುತ್ತದೆ. ಏರ್ ಇಂಡಿಯಾದ ಎ320 ವಿಮಾನಗಳ 'ಪ್ರೀಮಿಯಂ ಎಕಾನಮಿ'ಯಲ್ಲಿ ಅಂತರವು 32 ಅಂಗುಲವಾದರೂ ಸಾಲಿಗೆ ಆರೇ ಆಸನ. ಅಲ್ಲಿ ಮೊಣಕಾಲಿಗೆ ಬಿಡುವುಂಟು, ಭುಜಕ್ಕಿಲ್ಲ. ಎರಡೂ ಮೇಲ್ದರ್ಜೆಗಳೇ, ಆದರೂ ಎಷ್ಟು ಅಂತರ!

ಹಣವುಳ್ಳವರ ಈ ವಿಚಾರ ಉಳಿದವರಿಗೇಕೆ ಎಂದು ವಾಚಕರು ಕೇಳಬಹುದು. ವಿಮಾನದ ಉದ್ದ ಹಿಗ್ಗುವುದಿಲ್ಲ. ಮುಂದಿನ ಸಾಲುಗಳು ಅಗಲವಾದರೆ ಹಿಂದೆ ಆಸನಗಳು ಕಡಮೆಯಾಗಬೇಕು, ಇಲ್ಲವೆ ಸಾಲುಗಳು ಒತ್ತಬೇಕು. ಒತ್ತಿದಾಗ ಅನುಭವಿಸುವವರು ಮೊಣಕಾಲುನೋವಿನ ವೃದ್ಧರು, ನೀಳಕಾಯದವರು. 2003ರಲ್ಲಿ ಬೆಂಗಳೂರನ್ನೇ ನೆಲೆಯಾಗಿಸಿಕೊಂಡು ಬಂದ ಏರ್ ಡೆಕ್ಕನ್, ದರ್ಜೆಭೇದವನ್ನೇ ತೊಡೆದು ಸಾಮಾನ್ಯರನ್ನು ಆಕಾಶಕ್ಕೇರಿಸಿತು. ಹಾಗೆ ಏರಿದವರ ಕಾಲಿಗೆ ಎಡೆಯೆಷ್ಟು ಎಂಬುದು ಈಗ ಕೇಳಬೇಕಾದ ಪ್ರಶ್ನೆ.

ಇನ್ನು ದಕ್ಷಿಣ ಬೆಂಗಳೂರಿನವರ ಪಾಡು ಬೇರೆ. 2008ರ ಮೇ ತಿಂಗಳಲ್ಲಿ ವಿಮಾನ ನಿಲ್ದಾಣವು ಎಚ್‌ಎಎಲ್‌ನಿಂದ ದೇವನಹಳ್ಳಿಯ ಬಳಿಗೆ ಹೋಯಿತು. ಚೆನ್ನೈಗೆ ಹಾರುವ ಕಾಲ ಒಂದು ಗಂಟೆಯ ಆಸುಪಾಸು, ಜೆ.ಪಿ.ನಗರದಿಂದ ನಿಲ್ದಾಣ ಸೇರಲು ಅದಕ್ಕಿಂತ ಹೆಚ್ಚು ಹೊತ್ತು ಹಿಡಿಯುವುದುಂಟು. ಅಷ್ಟು ಅಲ್ಪಕಾಲದ ಹಾರಾಟಕ್ಕೆ ಮೇಲ್ದರ್ಜೆ ಬೇಕೆ ಎಂದು ಆಲೋಚಿಸುವುದು ಒಳಿತು. ಎರಡೂವರೆ ಗಂಟೆಗೂ ಮೀರಿದ ದೆಹಲಿ ಪ್ರಯಾಣದ ಮಾತು ಬೇರೆ.

ಜಯನಗರದ ಬಟ್ಟೆಯಂಗಡಿಯಲ್ಲಿ ಅಳತೆ ಹೇಳದೆ ಬಟ್ಟೆ ಮಾರಿದರೆ ನಾವು ಕೊಳ್ಳುವೆವೆ? ಆಸನಗಳ ಅಂತರ, ಅಗಲ ಎರಡನ್ನೂ ಅಂಗುಲಗಳಲ್ಲಿ, ಎಲ್ಲ ದರ್ಜೆಯ ಟಿಕೆಟಿನ ಮೇಲೂ ದರದ ಪಕ್ಕದಲ್ಲೇ ಮುದ್ರಿಸಬೇಕು. ಹೆಸರಿಗೆ ಹಣ ತೆರುವುದೋ, ಸ್ಥಳಕ್ಕೆ ತೆರುವುದೋ ಎಂಬುದನ್ನು ಆಮೇಲೆ ಪ್ರಯಾಣಿಕನೇ ತೀರ್ಮಾನಿಸಲಿ.