ಕೀಲಿಮಣೆ ಬಂತು, ಇನ್ನು ಕನ್ನಡಕ್ಕೊಂದು ಕಿವಿ ಬೇಕು

ಕನ್ನಡ ಅಭಿವೃದ್ಧಿ ಪ್ರಾಧಿಕಾರದ ಮಾನ್ಯ ಅಧ್ಯಕ್ಷರಿಗೆ,



'ರಾಷ್ಟ್ರ' ಅನ್ನುವ ಪದವನ್ನು ನುಡಿ ಕೀಲಿಮಣೆಯಲ್ಲಿ ಒಮ್ಮೆ ಬರೆದು ನೋಡಿ. ಬಾಯಿಗೆ ಎರಡೇ ಅಕ್ಷರ. ಬೆರಳಿಗೆ ಏಳು ಕೀಲಿ, ದೀರ್ಘಕ್ಕೆ ಶಿಫ್ಟ್ ಬೇರೆ. ಪ್ರತಿ ಒತ್ತಕ್ಷರಕ್ಕೂ ಎಡಗೈಯ ತೋರುಬೆರಳು 'ಎಫ್' ಮೇಲೆ ಬೀಳಬೇಕು. ಮಹಾಪ್ರಾಣಕ್ಕೆ, ದೀರ್ಘಕ್ಕೆ, ಣಕಾರ ಳಕಾರಗಳಿಗೆ ಕಿರುಬೆರಳು ಶಿಫ್ಟನ್ನು ಅದುಮಿ ಹಿಡಿಯಬೇಕು. ಇಪ್ಪತ್ತು ವರ್ಷ ನಾನು ಕಥೆ, ಅನುವಾದ, ಅಂಕಣ ಎಲ್ಲವನ್ನೂ ಹೀಗೇ ಬರೆದೆ, ಪ್ರೀತಿಯಿಂದಲೇ ಬರೆದೆ.

ಎರಡು ವರ್ಷದ ಹಿಂದೆ ರಾತ್ರಿ ಕೈ ಜೋಮು ಹಿಡಿದು ಎಚ್ಚರಾಗತೊಡಗಿತು. ಎದ್ದು ಕೂತು ಕೊಡವಿದರೆ ಸ್ವಲ್ಪ ಹಗುರ. ಆಮೇಲೊಂದು ದಿನ ಚಹಾದ ಲೋಟ ಕೈಯಿಂದ ಜಾರಿತು. ನರದ ಪರೀಕ್ಷೆ ಮಾಡಿಸಿದ ಡಾಕ್ಟರು ಕಾರ್ಪಲ್ ಟನಲ್ ಅಂದರು: ಮಣಿಕಟ್ಟಿನ ಇಕ್ಕಟ್ಟಾದ ಹಾದಿಯಲ್ಲಿ ಮೀಡಿಯನ್ ನರ ಅದುಮಿಹೋಗುವುದು. ಟೈಪಿಂಗ್ ಒಂದನ್ನೇ ದೂರಬೇಡಿ, ನಿಮ್ಮ ಥೈರಾಯ್ಡೂ ಅದರಲ್ಲಿ ಪಾಲುದಾರ ಅಂತಲೂ ಹೇಳಿದರು. ರಾತ್ರಿ ಕಟ್ಟಿಕೊಳ್ಳಲು ಪಟ್ಟಿ ಕೊಟ್ಟು, ಹಗಲು ಕೀಲಿಮಣೆ ಮುಟ್ಟಬೇಡಿ ಅಂದರು.

ಬರೆಯುವುದನ್ನೇ ಬಿಡುವುದು ನನ್ನಿಂದಾಗದು. ಮೊದಲು ನಮ್ಮ ಓಣಿಯ ಪಿಯುಸಿ ಹುಡುಗಿಯೊಬ್ಬಳು ಸಂಜೆ ಬಂದು ನಾನು ಹೇಳಿದ್ದನ್ನು ಬರೆದುಕೊಳ್ಳುತ್ತಿದ್ದಳು. ಶಾಲೆಯ ಉಕ್ತಲೇಖನದ ಹಾಗೆ. "ಅದು ಲಕಾರಾನೋ ಳಕಾರಾನೋ, ಆಂಟಿ?" ಅಂತ ಪೆನ್ನು ಎತ್ತಿ ಕೇಳುತ್ತಿದ್ದಳು. ಆ ಪ್ರಶ್ನೆಯ ಬೆಲೆ ಆಗ ನನಗೆ ತಿಳಿದಿರಲಿಲ್ಲ. ಅವಳ ಪರೀಕ್ಷೆ ಹತ್ತಿರ ಬಂತು. ಹೇಳಿ ಬರೆಸುವ ತಂತ್ರಾಂಶವನ್ನು ಮಗ ಲ್ಯಾಪ್‌ಟಾಪಿಗೆ ಹಾಕಿಕೊಟ್ಟ.

ಮೊದಲ ದಿನ ನನ್ನ ಮಾತು ಅಕ್ಷರವಾಗಿ ತೆರೆಯ ಮೇಲೆ ಮೂಡಿದಾಗ ಕಣ್ಣು ತುಂಬಿ ಬಂತು. ಈ ಉಪಕಾರವನ್ನು ಮರೆತು ನಾನು ಈ ಪತ್ರ ಬರೆಯುತ್ತಿಲ್ಲ. ಪತ್ರಿಕೆಯ ಭಾಷೆಯಲ್ಲಿ ನಿಧಾನವಾಗಿ ಮಾತಾಡಿದರೆ ಯಂತ್ರ ಚೆನ್ನಾಗಿಯೇ ಬರೆಯುತ್ತದೆ. ಆದರೆ ನನ್ನ ಕಥೆಯ ಅಜ್ಜಿ ಪತ್ರಿಕೆಯ ಭಾಷೆ ಆಡುವುದಿಲ್ಲ. ಹೊಸ್ತಿಲಲ್ಲಿ ಕೂತ ಮೊಮ್ಮಗನಿಗೆ ಅವಳು "ಅಲ್ಲಿ ಕುಂಡ್ರಬ್ಯಾಡೋ, ಥಂಡಿ ಐತಿ" ಅನ್ನುತ್ತಾಳೆ. ತೆರೆಯ ಮೇಲೆ 'ಥಂಡಿ' ಹೋಗಿ 'ತಂದೆ' ಬಂತು. ಮತ್ತೆ ಹೇಳಿದೆ, ಮತ್ತೆ ತಂದೆ. ಮೂರನೆಯ ಸಲ ಸೋತು "ಚಳಿ ಇದೆ" ಅಂದೆ. ಯಂತ್ರ ಸರಿಯಾಗಿ ಬರೆಯಿತು, ಅಜ್ಜಿ ಕಥೆಯಿಂದ ಎದ್ದು ಹೋದಳು. ಅಧ್ಯಕ್ಷರೇ, ನನ್ನ ನಿಜವಾದ ಭಯ ಇದು. ಕೈ ಸೋತ ಬರಹಗಾರರು ಯಂತ್ರಕ್ಕೆ ತಿಳಿಯುವಷ್ಟೇ ಕನ್ನಡವನ್ನು ಬರೆಯತೊಡಗಿದರೆ ಧಾರವಾಡದ, ಕಲಬುರಗಿಯ, ಕುಂದಾಪುರದ, ಚಾಮರಾಜನಗರದ ಮಾತು ನಮಗರಿವಿಲ್ಲದೆಯೇ ಪುಸ್ತಕದಿಂದ ಜಾರಿಹೋಗುತ್ತದೆ.

ಇನ್ನೊಂದು ತೊಡಕು ಚಿಕ್ಕದು, ಆದರೆ ಕೈಗೆ ನೋವು ಕೊಡುವುದು ಅದೇ. ನಾನು ಬಳಸುವ ತಂತ್ರಾಂಶದಲ್ಲಿ 'ಪೂರ್ಣವಿರಾಮ' ಅಂದರೆ ಬಿಂದು ಬೀಳುವುದಿಲ್ಲ, 'ಪೂರ್ಣವಿರಾಮ' ಅನ್ನುವ ಪದವೇ ಬೀಳುತ್ತದೆ. 'ಹಿಂದಿನ ಪದ ಅಳಿಸು' ಅಂದರೆ ಅದನ್ನೂ ಬರೆದಿಡುತ್ತದೆ. ಇಂಗ್ಲಿಷಿನಲ್ಲಿ ಬಾಯಿಂದಲೇ ಅಲ್ಪವಿರಾಮ ಹಾಕಬಹುದು, ಸಾಲು ಅಳಿಸಬಹುದು, ಪ್ಯಾರಾ ಬದಲಿಸಬಹುದು. ಕನ್ನಡದಲ್ಲಿ ಹೇಳುವುದಷ್ಟೇ ಬಾಯಿಗೆ, ತಿದ್ದುವುದೆಲ್ಲ ಕೈಗೆ. ನಮ್ಮ ಪದಗಳೋ ಪ್ರತ್ಯಯ ಕೂಡಿ ಬೆಳೆಯುತ್ತವೆ. 'ಮನೆಯಲ್ಲಿದ್ದವರಿಗೂ' ಅನ್ನುವುದು ನಮಗೆ ಒಂದು ಪದ, ಯಂತ್ರ ಅದನ್ನು ಮೂರು ತುಂಡು ಮಾಡಿ ಕೊಡುತ್ತದೆ. ಅವನ್ನು ಕೂಡಿಸುವುದೂ ಇದೇ ಬೆರಳು. ಒಂದು ಪುಟ ಹೇಳಲು ಹತ್ತು ನಿಮಿಷ, ತಿದ್ದಲು ಮುಕ್ಕಾಲು ಗಂಟೆ.

ನನ್ನ ಮಾತು ಬಿಡಿ. ಮಳೆಗಾಲ ಕಳೆಯಲಿ ಅಂತ ನಾನು ಕಥೆಯನ್ನು ಮುಂದೆ ಹಾಕಬಲ್ಲೆ. ನನ್ನ ಪುಸ್ತಕಗಳಿಗೆ ಡಿಟಿಪಿ ಮಾಡಿಕೊಟ್ಟ ಹೆಣ್ಣುಮಗಳು ಮುಂದೆ ಹಾಕುವ ಹಾಗಿಲ್ಲ, ಅವಳಿಗೆ ಪುಟಕ್ಕಿಷ್ಟು ಅಂತ ದುಡ್ಡು. ಹೋದ ತಿಂಗಳು ಅವಳ ಅಂಗಡಿಗೆ ಹೋದಾಗ ಬಲ ಮಣಿಕಟ್ಟಿಗೆ ಕ್ರೇಪ್ ಬ್ಯಾಂಡೇಜು ಸುತ್ತಿಕೊಂಡು ಯಾರದೋ ಪಿಎಚ್‌ಡಿ ಪ್ರಬಂಧ ಕುಟ್ಟುತ್ತಿದ್ದಳು. ಬ್ಯಾಂಡೇಜಿನ ಅಂಚು ಕೀಲಿಗೆ ತಾಗಿ ತಾಗಿ ಕರ್ರಗಾಗಿತ್ತು. ಕೋರ್ಟಿನ ಬೆರಳಚ್ಚುಗಾರರು, ಪಂಚಾಯಿತಿಯ ಡಾಟಾ ಎಂಟ್ರಿಯವರು, ಪತ್ರಿಕೆಯ ಡೆಸ್ಕಿನವರು, ಇವರೆಲ್ಲರ ಕೈಯ ಮೇಲೆಯೇ ಕನ್ನಡದ ಆಡಳಿತ, ಕನ್ನಡದ ಅಚ್ಚು ನಿಂತಿದೆ.

ಕಂಪ್ಯೂಟರಿನಲ್ಲಿ ಕನ್ನಡ ಮೂಡಿಸುವ ಕಾಲದಲ್ಲಿ ನಾವು ಯಾರೋ ಮಾಡಿಕೊಡಲಿ ಅಂತ ಕಾದು ಕೂರಲಿಲ್ಲ. ಕೆ.ಪಿ. ರಾವ್ ಕೀಲಿಮಣೆಯ ವಿನ್ಯಾಸ ಕೊಟ್ಟರು. ಪೂರ್ಣಚಂದ್ರ ತೇಜಸ್ವಿ ಕನ್ನಡ ತಂತ್ರಾಂಶಕ್ಕಾಗಿ ಹಟ ಹಿಡಿದರು. ಕನ್ನಡ ಗಣಕ ಪರಿಷತ್ತು ರೂಪಿಸಿದ 'ನುಡಿ'ಯ ಬೆನ್ನಿಗೆ ಸರ್ಕಾರ ನಿಂತಿತು, ಅದು ಬಿಟ್ಟಿಯಾಗಿ ಎಲ್ಲರ ಕೈಗೆ ಸಿಕ್ಕಿತು. ಧ್ವನಿಗೂ ಅಂಥದೇ ಬೆಂಬಲ ಬೇಕು ಅನ್ನುವುದಷ್ಟೇ ನನ್ನ ಕೋರಿಕೆ.

ಬುನಾದಿ ಆಗಲೇ ಬಿದ್ದಿದೆ. ಕೇಂದ್ರದ ಭಾಷಾ ತಂತ್ರಜ್ಞಾನ ಯೋಜನೆ 'ಭಾಷಿಣಿ'ಗೆ 2022ರಲ್ಲಿ ಚಾಲನೆ ಸಿಕ್ಕಿತು. ಮದ್ರಾಸ್ ಐಐಟಿಯ ಎಐ ಫಾರ್ ಭಾರತ್ ತಂಡ ಭಾರತೀಯ ಭಾಷೆಗಳ ಮಾತು ಗುರುತಿಸುವ ಮಾದರಿಗಳನ್ನು ಎಲ್ಲರಿಗೂ ತೆರೆದಿಟ್ಟಿದೆ. ನಿಮ್ಮ ಕಚೇರಿಯಿರುವ ಊರಿನಲ್ಲೇ ಭಾರತೀಯ ವಿಜ್ಞಾನ ಸಂಸ್ಥೆ 'ವಾಣಿ' ಯೋಜನೆಯಡಿ ಜಿಲ್ಲೆ ಜಿಲ್ಲೆಯ ಜನರ ಮಾತು ಸಂಗ್ರಹಿಸುತ್ತಿದೆ. ಇವನ್ನೆಲ್ಲ ಒಂದು ಮೇಜಿಗೆ ಕರೆಯಬೇಕು. ಬರೆಯುವವರನ್ನೂ, ಆ ಡಿಟಿಪಿ ಹೆಣ್ಣುಮಗಳಂಥವರನ್ನೂ ಅದೇ ಮೇಜಿಗೆ ಕೂರಿಸಬೇಕು. ವಿರಾಮಚಿಹ್ನೆಗೂ ತಿದ್ದುಪಡಿಗೂ ಕನ್ನಡದಲ್ಲೇ ಆದೇಶಗಳಿರಲಿ, ಅವು ಎಲ್ಲ ತಂತ್ರಾಂಶಗಳಲ್ಲೂ ಒಂದೇ ಆಗಿರಲಿ. ಸಾಹಿತ್ಯ ಪರಿಷತ್ತಿನ ನಿಘಂಟಿನ ಎಂಟು ಸಂಪುಟಗಳಲ್ಲಿರುವ ಪದಗಳು ಯಂತ್ರದ ಕಿವಿಗೂ ಬೀಳಲಿ. ಸಂದೇಹ ಬಂದಲ್ಲಿ ಅದು ನಮ್ಮ ಓಣಿಯ ಹುಡುಗಿಯ ಹಾಗೆ ನಿಂತು ಕೇಳಲಿ, ತಾನೇ ಊಹಿಸಿ ಬರೆಯದಿರಲಿ. ಇಂಟರ್ನೆಟ್ಟಿಲ್ಲದೆಯೂ ನಡೆಯಲಿ. ಇನ್ನೂ ಮುಗಿಯದ ಕಥೆ ನನ್ನ ಕೋಣೆ ದಾಟಿ ಯಾರದೋ ಸರ್ವರಿಗೆ ಹೋಗುವುದು ನನಗೆ ಸರಿಬರುವುದಿಲ್ಲ.

ಧ್ವನಿ ಬೇಕೆಂದರೆ ನನ್ನದನ್ನು ಕೊಡುತ್ತೇನೆ. ನಮ್ಮ ಓಣಿ ಬೆಳಿಗ್ಗೆ ಐದರಿಂದ ಏಳರವರೆಗೆ ಸದ್ದಿಲ್ಲದೆ ಇರುತ್ತದೆ, ನಿಮ್ಮವರು ರೆಕಾರ್ಡರ್ ಹಿಡಿದು ಆ ಹೊತ್ತಿಗೆ ಬರಲಿ. ನಮ್ಮ ಅವ್ವನಿಗೆ ಎಂಬತ್ನಾಲ್ಕು, ಕಥೆಯ ಅಜ್ಜಿಗೆ ಮಾತು ಕೊಟ್ಟವಳು ಅವಳೇ. ವಿಷಯ ಹೇಳಿದಾಗ "ಬರಾಕ ಹೇಳು, ಮಾತಾಡಾಕ ನನಗೇನ್ ರೊಕ್ಕ ಬೀಳತಾವ?" ಅಂದಳು. ಚಳಿಗಾಲದಲ್ಲಿ ಅವಳಿಗೆ ಕೆಮ್ಮು ಜಾಸ್ತಿ. ದೀಪಾವಳಿಗೆ ಮುಂಚೆಯೇ ಕಳಿಸಿ.

ಇಂತಿ ತಮ್ಮ ವಿಶ್ವಾಸಿ,
ಧಾರವಾಡದ ಒಬ್ಬ ಕಥೆಗಾರ್ತಿ