ಅರಿವು ಮಸುಳಿದಲ್ಲಿ ಕುರುಹು

ಮನೆಯ ಹಿರಿಯರಿಗೆ ಮರೆವಿನ ರೋಗ ತಗುಲಿದೆ. ಅವರ ಕೊರಳಿನ ಇಷ್ಟಲಿಂಗವನ್ನು ತೆಗೆದಿಡಬಹುದೇ ಎಂಬ ಪ್ರಶ್ನೆಯನ್ನು ಈಚೆಗೆ ಹಲವು ಮನೆತನದವರು ನಮ್ಮಲ್ಲಿ ಕೇಳುತ್ತಿದ್ದಾರೆ. ಕೇಳುವವರು ಭಕ್ತಿಯಿಲ್ಲದವರೇನೂ ಅಲ್ಲ. ಹಿರಿಯರು ಲಿಂಗವನ್ನು ಎಲ್ಲೆಂದರಲ್ಲಿ ಬಿಚ್ಚಿಡುತ್ತಾರೆ, ಬೆಳ್ಳಿಯ ಕರಡಿಗೆ ಕಳುವಾದೀತು, ಲಿಂಗವೇ ಕಳೆದರೆ ಅಪಚಾರವಾದೀತು, ಉಂಡ ಕೈಯಿಂದಲೇ ಮುಟ್ಟುತ್ತಾರೆ, ಅರಿವಿಲ್ಲದೆ ಬಟ್ಟೆಯಲ್ಲಿಯೇ ಮೂತ್ರವಾಗುತ್ತದೆ ಎಂಬಿವು ಅವರ ಅಂಜಿಕೆಗಳು. ನಮ್ಮ ಉತ್ತರವನ್ನು ಮೊದಲಿಗೇ ಹೇಳಿಬಿಡುತ್ತೇವೆ: ತೆಗೆಯಬೇಡಿರಿ.

ಆದರೆ ಶಾಸ್ತ್ರದ ಮಾತಿಗಿಂತ ಮುಂಚೆ ರೋಗದ ಮಾತನ್ನು ಆಡುವುದು ಅಗತ್ಯ. 'ಅರವತ್ತಕ್ಕೆ ಅರಳುಮರಳು' ಎಂಬ ಗಾದೆ ನಮ್ಮ ಮನೆಗಳಿಗೆ ಬಹಳ ಕೆಡುಕು ಮಾಡಿದೆ. ವಯಸ್ಸಾದ ಮೇಲೆ ಇದೆಲ್ಲ ಸಹಜವೆಂದು ಸುಮ್ಮನಿರುವಂತೆ ಅದು ಮಾಡಿತು. 1906ರಲ್ಲಿ ಜರ್ಮನಿಯ ವೈದ್ಯ ಅಲೋಯಿಸ್ ಆಲ್ಜೈಮರ್, ತೀರಿಕೊಂಡ ರೋಗಿಯೊಬ್ಬಳ ಮಿದುಳಿನಲ್ಲಿ ತಾವು ಕಂಡ ವಿಕಾರಗಳನ್ನು ವಿದ್ವತ್ಸಭೆಯ ಮುಂದಿಟ್ಟರು. ಇಂದು ಡಿಮೆನ್ಷಿಯಾ ಎಂದು ಕರೆಯುವ ಸ್ಥಿತಿಗೆ ಬಹುಮಟ್ಟಿಗೆ ಕಾರಣವಾಗುವುದು ಅವರ ಹೆಸರನ್ನು ಹೊತ್ತ ರೋಗವೇ. ನಮ್ಮ ದೇಶದಲ್ಲಿ 60 ವರ್ಷ ದಾಟಿದವರಲ್ಲಿ ನೂರಕ್ಕೆ 7ಕ್ಕಿಂತ ಹೆಚ್ಚು ಜನ, ಅಂದರೆ ಸುಮಾರು 88 ಲಕ್ಷ ಮಂದಿ, ಇಂತಹ ಸ್ಥಿತಿಯಲ್ಲಿದ್ದಾರೆಂದು 2023ರಲ್ಲಿ ಪ್ರಕಟವಾದ ಅಂದಾಜು ತಿಳಿಸುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಗಳಿಗಿಂತ ಹಳ್ಳಿಗಳಲ್ಲಿ ಇದು ಹೆಚ್ಚು.

ಮರೆವೆಲ್ಲವೂ ಇದೇ ರೋಗವಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಬಿ-12 ಜೀವಸತ್ವದ ಕೊರತೆಯಿಂದಲೂ ಬುದ್ಧಿ ಮಂಕಾಗುತ್ತದೆ. ಸಸ್ಯಾಹಾರಿಗಳಾದ ನಮ್ಮ ಸಮಾಜದವರಲ್ಲಿ, ಅದರಲ್ಲಿಯೂ ಹಾಲು ಮೊಸರು ಕಡಿಮೆ ಮಾಡಿದ ಮುದುಕರಲ್ಲಿ, ಇದನ್ನು ಮೊದಲು ಪರೀಕ್ಷಿಸಬೇಕು. ಥೈರಾಯ್ಡ್ ದೋಷ, ಬಿದ್ದಾಗ ತಲೆಯೊಳಗೆ ಆದ ರಕ್ತಸ್ರಾವ, ಮನಸ್ಸಿನ ಖಿನ್ನತೆ ಇವೂ ಅದೇ ವೇಷದಲ್ಲಿ ಬರುತ್ತವೆ. ಎರಡೇ ದಿನಗಳಲ್ಲಿ ಗೊಂದಲ ಹೆಚ್ಚಿತೆಂದರೆ ಮೂತ್ರದ ಸೋಂಕೂ ಇರಬಹುದು. ಇವುಗಳಿಗೆ ಚಿಕಿತ್ಸೆಯುಂಟು. ಆದುದರಿಂದ ಮಂತ್ರವಾದಿಯ ಮನೆಗೆ ಹೋಗುವ ಕಾಲನ್ನು ವೈದ್ಯರ ಕಡೆಗೆ ತಿರುಗಿಸಿರಿ. ಪೂಜೆಯಿಂದ ಈ ರೋಗ ವಾಸಿಯಾಗುತ್ತದೆಂದು ನಾವು ಹೇಳುತ್ತಿಲ್ಲ; ಯಾರಾದರೂ ಹೇಳಿದರೆ ನಂಬಬೇಡಿರಿ.

ಇನ್ನು ಕೆಲವರು, ಇದು ಹಿಂದಿನ ಕರ್ಮದ ಫಲವೆಂದೂ, ಶರಣರು ಖಂಡಿಸಿದ ಮರವೆ ಇದೇ ಎಂದೂ ಪಿಸುಗುಟ್ಟುವುದುಂಟು. ಇದು ಅಜ್ಞಾನದ ಮಾತು. ಶರಣರು ಖಂಡಿಸಿದ್ದು ಕಣ್ಣಿದ್ದೂ ಕಾಣದವನ, ಬುದ್ಧಿಯಿದ್ದೂ ತನ್ನ ನಿಜವನ್ನು ನೆನೆಯದವನ ಮರವೆಯನ್ನು. ಮಿದುಳಿನ ಜೀವಕೋಶಗಳು ಸವೆದುಹೋದ ತಾಯಿಯ ಮರೆವಿಗೂ ಅದಕ್ಕೂ ಹೆಸರಿನಲ್ಲಲ್ಲದೆ ಬೇರೆ ಸಂಬಂಧವಿಲ್ಲ.

ಈ ರೋಗದ ನಡೆ ವಿಚಿತ್ರವಾದುದು. ಹೊಸ ನೆನಪುಗಳನ್ನು ಕಟ್ಟಿಡುವ ಮಿದುಳಿನ ಭಾಗವಾದ ಹಿಪ್ಪೊಕ್ಯಾಂಪಸ್ ಸಾಮಾನ್ಯವಾಗಿ ಮೊದಲು ಕೆಡುತ್ತದೆ. ಬೆಳಗಿನ ಊಟ ಮರೆಯುತ್ತದೆ, ಮೊಮ್ಮಗನ ಹೆಸರು ಮರೆಯುತ್ತದೆ. ಆದರೆ ಕೈಗೆ ರೂಢಿಯಾದ ಕೆಲಸದ ನೆನಪು ಮಿದುಳಿನ ಬೇರೆ ಭಾಗಗಳಲ್ಲಿ ನೆಲೆಗೊಂಡಿರುವುದರಿಂದ ಬಹುಕಾಲ ಉಳಿಯುತ್ತದೆ. ಮಗನನ್ನು ಗುರುತಿಸದ ತಾಯಿ ವಿಭೂತಿಯ ಗಟ್ಟಿಯನ್ನು ಕೈಗಿತ್ತೊಡನೆ ಮೂರು ಬೆರಳುಗಳನ್ನು ಹಣೆಯ ಮೇಲೆ ನೇರವಾಗಿ ಎಳೆಯುವುದನ್ನು ನಾವು ಒಂದಕ್ಕಿಂತ ಹೆಚ್ಚು ಮನೆಗಳಲ್ಲಿ ಕಂಡಿದ್ದೇವೆ. ಎಪ್ಪತ್ತು ವರ್ಷ ದಿನಕ್ಕೆರಡು ಸಲ ಎಡ ಅಂಗೈಯಲ್ಲಿ ಲಿಂಗವನ್ನಿರಿಸಿ ಪೂಜಿಸಿದ ಕೈ ಅದು.

ಈಗ ಆಚಾರದ ಮಾತು. ಇಷ್ಟಲಿಂಗವು ಅರಿವಿನ ಕುರುಹು. ಅರಿವೇ ಹೋದಮೇಲೆ ಕುರುಹು ಏಕೆ ಎಂದು ವಿದ್ಯಾವಂತ ಯುವಕರೊಬ್ಬರು ನಮ್ಮನ್ನು ಕೇಳಿದರು. ಹುಟ್ಟಿದ ಕೂಸಿಗೆ ನಾವು ಲಿಂಗಧಾರಣೆ ಮಾಡಿಸುತ್ತೇವೆ. ಆ ಕೂಸಿಗೆ ಯಾವ ಅರಿವು ಇತ್ತು? ಅರಿವು ಮೂಡುವ ಮುನ್ನ ಕಟ್ಟಿದ್ದನ್ನು ಅರಿವು ಮಸುಳಿದ ಕಾರಣಕ್ಕೆ ಬಿಚ್ಚುವುದು ಯಾವ ನ್ಯಾಯ? ಇನ್ನು ಮೈಲಿಗೆಯ ಅಂಜಿಕೆ. ಜನನ, ಮರಣ, ರಜಸ್ಸು, ಎಂಜಲು, ಜಾತಿ ಎಂಬ ಪಂಚಸೂತಕಗಳನ್ನು ಲಿಂಗಾಂಗಿಗೆ ಇಲ್ಲವೆಂದು ನಿರಾಕರಿಸಿದ ಧರ್ಮ ನಮ್ಮದು. ಅಂತಹ ಮನೆಯಲ್ಲಿ ಎಂಜಲುಗೈಯ ನೆಪ ಹೇಳಿ ಮುದುಕಿಯ ಲಿಂಗವನ್ನು ಕಪಾಟಿನಲ್ಲಿಡುವುದು ನಮಗೆ ಒಪ್ಪಿಗೆಯಿಲ್ಲ. ಕೈ ತೊಳೆಸಿರಿ, ಬಟ್ಟೆ ಬದಲಿಸಿರಿ, ಅಷ್ಟು ಸಾಕು. ಲಿಂಗ ಕಳೆದರೆ ಪ್ರಾಣವನ್ನೇ ಬಿಡಬೇಕೆಂಬ ಕಠೋರ ನುಡಿ ಹಳೆಯ ಆಚಾರಗ್ರಂಥಗಳಲ್ಲಿ ಇರುವುದು ನಿಜ. ರೋಗದಿಂದ ಕೈತಪ್ಪಿದ್ದನ್ನು ಆ ಅಳತೆಗೋಲಿನಿಂದ ಅಳೆಯಬಾರದು. ಕಳೆದರೆ ಗುರುಗಳಿಂದ ಮತ್ತೆ ಪಡೆಯುವ ದಾರಿ ಇದ್ದೇ ಇದೆ. ಕಳುವಿನ ಭಯವಿದ್ದಲ್ಲಿ ಬೆಳ್ಳಿಯ ಕರಡಿಗೆಯನ್ನು ತೆಗೆದಿಟ್ಟು, ಲಿಂಗವನ್ನು ಬಿಳಿಯ ಅರಿವೆಯಲ್ಲಿ ಕಟ್ಟಿ ಧರಿಸಲು ಕೊಡಿರಿ. ರಾತ್ರಿ ಮಗ್ಗಲು ಬದಲಿಸುವಾಗ ಶಿವದಾರ ಕೊರಳಿಗೆ ಸುತ್ತಿಕೊಳ್ಳದಂತೆ ಅದನ್ನು ಎಳೆದರೆ ಹರಿಯುವಷ್ಟು ತೆಳುವಾಗಿಡುವುದು ಒಳ್ಳೆಯದು.

ದಿನಚರಿಯಲ್ಲಿ ಈ ರೂಢಿಗಳು ಎಷ್ಟು ಉಪಕಾರಿಯೆಂಬುದನ್ನು ಆರೈಕೆ ಮಾಡುವ ಸೊಸೆಯಂದಿರೇ ಬಲ್ಲರು. 'ಸ್ನಾನ ಮಾಡ್ರಿ' ಎಂದರೆ ಸಿಟ್ಟಿಗೇಳುವ ಅತ್ತೆ, 'ಯವ್ವಾ, ಪೂಜಿಗೆ ಹೊತ್ತಾತು, ಏಳ್ರಿ' ಎಂದರೆ ಎದ್ದು ಬಚ್ಚಲಿಗೆ ನಡೆಯುತ್ತಾರೆ. ಪೂಜೆಯಾಗದೆ ಉಣ್ಣುವುದಿಲ್ಲವೆಂದು ತಟ್ಟೆ ತಳ್ಳುವವರೊಡನೆ 'ಆಗಲೇ ಆಯಿತಲ್ಲ' ಎಂದು ವಾದಿಸುವುದು ವ್ಯರ್ಥ. ಮತ್ತೊಮ್ಮೆ ವಿಭೂತಿ, ಒಂದು ಪತ್ರೆ, ಎರಡು ನಿಮಿಷ. ಬಳಿಕ 'ಪ್ರಸಾದ ತಗೋರಿ' ಎಂದು ಅನ್ನ ಕೊಡಿರಿ. ದಿನಕ್ಕೆ ನಾಲ್ಕು ಸಲ ಪೂಜೆಯಾದರೆ ಯಾರಿಗೆ ನಷ್ಟ? ಸಂಜೆ ಕತ್ತಲಾಗುತ್ತಿದ್ದಂತೆ ಇಂತಹವರಲ್ಲಿ ಕಳವಳ ಹೆಚ್ಚುತ್ತದೆ, 'ನಮ್ಮ ಮನೆಗೆ ಹೋಗುತ್ತೇನೆ' ಎಂದು ಬಾಗಿಲಿಗೆ ಬರುತ್ತಾರೆ. ಕತ್ತಲಿಗೆ ಮುಂಚೆಯೇ ಮನೆಯ ದೀಪಗಳನ್ನೆಲ್ಲ ಹಾಕಿ, ಪಕ್ಕದಲ್ಲಿ ಕುಳಿತು, ಅವರು ಚಿಕ್ಕಂದಿನಲ್ಲಿ ಕಲಿತ ವಚನಗಳನ್ನು ಮೆಲ್ಲಗೆ ಹಾಡಿರಿ. ಮಲ್ಲಿಕಾರ್ಜುನ ಮನಸೂರ, ಬಸವರಾಜ ರಾಜಗುರು ಅವರ ವಚನಗಾಯನದ ಧ್ವನಿಮುದ್ರಿಕೆಗಳೂ ಆದೀತು; ಆದರೆ ಮನೆಯವರ ಬಾಯಿಂದ ಬಂದ ಅಪಸ್ವರವೇ ಮೇಲೆಂದು ನಮ್ಮ ಅನುಭವ. ಮಾತು ತಡವರಿಸುವವರು ಹಾಡಿನ ಎರಡನೆಯ ಸಾಲನ್ನು ತಾವೇ ಎತ್ತಿಕೊಳ್ಳುವುದುಂಟು. ತಪ್ಪಿದರೆ ತಿದ್ದಬೇಡಿರಿ.

ಅಡುಗೆಮನೆಯಿಂದ ಅವರನ್ನು ಪೂರ್ತಿ ಹೊರಹಾಕುವುದೂ ಸಲ್ಲ. ಒಲೆ, ಕುಡುಗೋಲು, ಈಳಿಗೆಗಳಿಂದ ದೂರವಿಟ್ಟು, ನಾದಿದ ಜೋಳದ ಹಿಟ್ಟಿನ ಮುದ್ದೆಯೊಂದನ್ನು ಮುಂದಿಟ್ಟರೆ ರೊಟ್ಟಿ ಬಡಿಯುವ ಸಪ್ಪಳ ತಾನಾಗಿ ಕೇಳಿಬರುತ್ತದೆ. ಮೊರದಲ್ಲಿ ಕಾಳು ಹಸನು ಮಾಡುವುದು, ಬತ್ತಿ ಹೊಸೆಯುವುದು, ಬಿಲ್ವಪತ್ರೆ ಆರಿಸುವುದು ಇವೆಲ್ಲ ಅವರ ಪಾಲಿಗೆ ಬದುಕು. ತಾನು ಮನೆಗೆ ಬೇಕಾದವಳು ಎಂಬ ಭಾವ ಅವರಿಗೆ ಆ ಕೆಲಸದಿಂದಲೇ ಬರುತ್ತದೆ.

ಎಚ್ಚರಿಕೆಗಳೂ ಇವೆ. ಸೋಮವಾರದ ಮತ್ತು ಶಿವರಾತ್ರಿಯ ಉಪವಾಸ ಇವರಿಗೆ ಬೇಡ, ಸಕ್ಕರೆ ರೋಗದ ಗುಳಿಗೆ ನುಂಗುವವರಿಗಂತೂ ಸುತರಾಂ ಬೇಡ. ಕರ್ಪೂರ ಹಚ್ಚುವ ಕೆಲಸ ಮನೆಯವರದಾಗಲಿ. ರೋಗ ಬಲಿತಾಗ ನುಂಗುವುದು ಕಷ್ಟವಾಗಿ ನೀರು ಶ್ವಾಸನಾಳಕ್ಕೆ ಇಳಿಯಬಹುದು. ಆಗ ಪಾದೋದಕವನ್ನು ಮಲಗಿದವರ ಬಾಯಿಗೆ ಹಾಕದೆ, ನೆಟ್ಟಗೆ ಕೂರಿಸಿ ತುಟಿಗೆ ಒಂದು ಹನಿ ಸೋಂಕಿಸಿದರೆ ಆಯಿತು. ಮಠದ ಅನ್ನವುಂಡು ಬೆಳೆದ ನಾವು ಹೀಗೆ ಹೇಳುವುದು ಕೆಲವರಿಗೆ ಸೋಜಿಗವೆನಿಸಬಹುದು: ಜಾತ್ರೆಗೆ, ತೇರಿಗೆ ಇವರನ್ನು ಕರೆತರಬೇಡಿರಿ. ಜನಸಂದಣಿಯೂ ಧ್ವನಿವರ್ಧಕದ ಅಬ್ಬರವೂ ಅವರನ್ನು ಕಂಗೆಡಿಸುತ್ತವೆ. ಅಯ್ಯನವರೊಬ್ಬರನ್ನು ಮನೆಗೇ ಬಿನ್ನಹಕ್ಕೆ ಕರೆಯಿರಿ. ಬಂದವರ ಹೆಸರು ನೆನಪಾಗದಿದ್ದರೂ ಕಾವಿ ಕಂಡೊಡನೆ ಕೈ ತಾನಾಗಿ ಮುಗಿಯುತ್ತದೆ.

ಎಲ್ಲರಿಗೂ ಪೂಜೆಯೇ ಆಸರೆಯೆಂದು ಭಾವಿಸಬಾರದು. ಬದುಕಿನುದ್ದಕ್ಕೂ ಮಠದ ಮೆಟ್ಟಿಲು ಹತ್ತದ ಯಜಮಾನರಿಗೆ ಈಗ ರುದ್ರಾಕ್ಷಿ ತೊಡಿಸಿ ಕೂರಿಸುವುದು ಮಕ್ಕಳ ಸಮಾಧಾನಕ್ಕೆ ಮಾತ್ರ. ಎತ್ತು ಕಟ್ಟಿ ಬಾಳಿದವರಿಗೆ ಹಗ್ಗ ಹೊಸೆಯಲು ಕೊಡಿರಿ, ದುಕಾನು ನಡೆಸಿದವರಿಗೆ ಹಳೆಯ ಖಾತೆಪುಸ್ತಕವನ್ನು ಕೊಡಿರಿ. ಅವರವರ ಕೈ ಬಲ್ಲದ್ದನ್ನು ಅವರವರಿಗೆ ಕೊಡಬೇಕು.

ಕಡೆಯ ದಿನಗಳಲ್ಲಿ ಬೆರಳುಗಳು ಮಡಚಿಕೊಂಡು ಲಿಂಗವನ್ನು ಹಿಡಿಯುವ ಶಕ್ತಿಯೂ ಇರುವುದಿಲ್ಲ. ಆಗ ಮಗನೋ ಮಗಳೋ ಅವರ ಎಡ ಅಂಗೈಯನ್ನು ತಮ್ಮ ಅಂಗೈಯ ಮೇಲಿರಿಸಿಕೊಂಡು, ಲಿಂಗವನ್ನಿಟ್ಟು, ಪಂಚಾಕ್ಷರಿಯನ್ನು ಕಿವಿಯ ಬಳಿ ಮೆಲ್ಲಗೆ ಹೇಳುತ್ತ ಹತ್ತು ನಿಮಿಷ ಕುಳಿತಿರಬಹುದು. ದೂರದ ಊರುಗಳಲ್ಲಿರುವ ಮಕ್ಕಳು ದೂರವಾಣಿಯಲ್ಲಿಯಾದರೂ ಅದನ್ನು ಹೇಳಲಿ. ಪಕ್ಕದಲ್ಲಿರುವವರು ಆ ಹೊತ್ತಿಗೆ ಕೈಯನ್ನು ಹಿಡಿದುಕೊಂಡಿರಲಿ.